ಗೃಹಪ್ರವೇಶಕ್ಕೆ ಹೋದ ಚಿತ್ರ

ಹ್ಯೂಸ್ಟನ್ನಿನಿಂದ ಇಮೇಲ್ ಬಂದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಆಫೀಸಿನ ಬಾತ್‌ರೂಮಿಗೆ ಹೋಗಿ, ಬಾಗಿಲು ಹಾಕಿಕೊಂಡು, ಅದನ್ನು ನಾಲ್ಕು ಸಲ ಓದಿದ್ದು. ಅಲ್ಲಿನ ಕಲಾವಿದರ ಕೂಟವೊಂದು ಹಳೆಯ ಗೋಡೌನನ್ನು ಸ್ಟುಡಿಯೋ ಮಾಡಿಕೊಂಡು, ವರ್ಷಕ್ಕೆ ಎಂಟು ಜನ ಹೊಸಬರಿಗೆ ಕೂತು ಚಿತ್ರ ಬರೆಯಲು ಜಾಗ ಕೊಡುತ್ತಿತ್ತು. ಎಂದೋ ತೆಗೆದಿಟ್ಟಿದ್ದ ನನ್ನ ಆರು ಚಿತ್ರಗಳ ಫೋಟೋ ಕಳಿಸಿದ್ದೆ. ಕೊನೆಯ ಸುತ್ತಿಗೆ ಬಂದಿದ್ದೀರಿ, ಮೂರು ವಾರ ಬಿಟ್ಟು ಭಾನುವಾರ ಆರೂ ಮೂಲಚಿತ್ರಗಳನ್ನು ತನ್ನಿ, ಅಡುಗೆಮನೆಯ ನೆಲದ ಮೇಲೆ ಕೂತ ಹೆಂಗಸಿನ ಚಿತ್ರವನ್ನಂತೂ ನಾವೆಲ್ಲರೂ ಕಣ್ಣಾರೆ ನೋಡಬೇಕು ಎಂದು ಬರೆದಿದ್ದರು.

ಆಗ ನನಗೆ ಇಪ್ಪತ್ತೈದು. ಹ್ಯೂಸ್ಟನ್ನಿನಿಂದ ನಾಲ್ಕು ಗಂಟೆ ದೂರದ ಪ್ಲೇನೋದಲ್ಲಿ ಅಪ್ಪ ಅಮ್ಮನ ಜೊತೆಗಿದ್ದೆ. ಫಾರ್ಮರ್ಸ್ ಬ್ರಾಂಚ್ ಎಂಬ ಪಕ್ಕದ ಊರಿನ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಅಂದರೆ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು. ಸಂಜೆ ಮತ್ತು ಶನಿವಾರ ಗರಾಜಿನಲ್ಲಿ ಚಿತ್ರ ಬರೆಯುತ್ತಿದ್ದೆ. ಯಾವ ಪೂಜೆಗೆ ಹೋದರೂ ಯಾರಾದರೊಬ್ಬ ಆಂಟಿ "ಏನಮ್ಮಾ ಮಾಡ್ತಿದ್ದೀಯ ಈಗ?" ಎಂದು ಕೇಳುವರು. "ಟೆಸ್ಟಿಂಗ್ ಆಂಟಿ" ಎನ್ನುವೆ. ಚಿತ್ರ ಬರೀತೀನಿ ಎಂಬ ಮಾತು ಬಾಯಿಗೆ ಬರುತ್ತಲೇ ಇರಲಿಲ್ಲ. ನಮ್ಮ ಜನರ ನಡುವೆ ಚಿತ್ರ ಬರೆಯುವುದೇನೂ ದೊಡ್ಡ ವಿಷಯವಲ್ಲ. ಪ್ರತಿ ಮನೆಯಲ್ಲೂ ಒಬ್ಬಳು ಬರೆದಿರುತ್ತಾಳೆ, ಇನ್ನೊಬ್ಬ ಪಿಯಾನೋ ಬಾರಿಸಿರುತ್ತಾನೆ, ಎಲ್ಲವೂ ಕಾಲೇಜಿನ ಅರ್ಜಿಗೆ. ಸೀಟು ಸಿಕ್ಕ ಮೇಲೂ ಬಿಡದವರನ್ನು ನೋಡಿದರೆ ಹಿರಿಯರಿಗೆ ಗಾಬರಿ. ನನಗೂ ನನ್ನ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಹಾಗಾಗಿ ಒಂದು ತೀರ್ಮಾನ ಮಾಡಿಕೊಂಡಿದ್ದೆ. ಹ್ಯೂಸ್ಟನ್‌ನವರು ತೆಗೆದುಕೊಂಡರೆ ನಾನು ಕಲಾವಿದೆ, ಇಲ್ಲವಾದರೆ ಅಲ್ಲ. ಇಂಥ ವಿಷಯವನ್ನು ಗುರುತಿಲ್ಲದ ಮೂವರು ತೀರ್ಪುಗಾರರ ಕೈಗೆ ಕೊಟ್ಟು ಕೂತವಳ ತಲೆಗೆ ಏನನ್ನಬೇಕೋ ನನಗಿವತ್ತಿಗೂ ಗೊತ್ತಿಲ್ಲ.

ಸಂಜೆ ಮನೆಗೆ ಬಂದು ಗರಾಜಿನ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ ಚಿತ್ರಗಳನ್ನು ಎಣಿಸಿದೆ. ಐದಿದ್ದವು. ಅಡುಗೆಮನೆಯದೇ ಇಲ್ಲ.

"ಅಮ್ಮಾ, ಇಲ್ಲೊಂದು ಚಿತ್ರ ಇತ್ತಲ್ಲ?"

"ಯಾವ್ದು, ನನ್ನ ಬೆನ್ನು ಬರ್ದಿದ್ಯಲ್ಲ, ಅದಾ?" ಅಮ್ಮ ಒಳಗಿನಿಂದಲೇ ಹೇಳಿದಳು. "ಅದನ್ನ ಫಾರ್ಮರ್ಸ್ ಬ್ರಾಂಚ್ ಆಂಟಿ ಗೃಹಪ್ರವೇಶಕ್ಕೆ ಕೊಟ್ಬಿಟ್ಟೆ ಕಣೇ. ಹೋದ್ ವರ್ಷಾನೇ."

"ಯಾರನ್ನ ಕೇಳಿ ಕೊಟ್ಟೆ?"

"ನೀನು ಗೋಡೆ ಕಡೆ ತಿರುಗಿಸಿ ಇಟ್ಟಿದ್ಯಲ್ಲ, ಬೇಡ್ವೇನೋ ಅಂದ್ಕೊಂಡೆ. ಬರಿಗೈಲಿ ಹೋಗಕ್ಕಾಗತ್ತಾ? ಅವತ್ತು ಮನೇಲಿ ಕೊಡೋವಂಥದ್ದು ಏನೂ ಇರ್ಲಿಲ್ಲ, ಅಂಗಡಿಗೆ ಹೋಗಕ್ಕೂ ಟೈಮಿರ್ಲಿಲ್ಲ."

"ನಾನು ಬರ್ದಿದ್ದು ಅಂತಾದ್ರೂ ಹೇಳಿದ್ಯಾ?"

ಅಮ್ಮ ಕೈ ಒರೆಸಿಕೊಳ್ಳುತ್ತ ಗರಾಜಿನ ಬಾಗಿಲಿಗೆ ಬಂದಳು. ಆಮೇಲೆ, "ಹಾಗಂದ್ರೆ ಕೆಲಸ ಬಿಟ್ಟು ಚಿತ್ರ ಬರ್ಕೊಂಡ್ ಕೂತಿದಾಳೆ ಅಂತ ತಿಳ್ಕೊಳಲ್ವಾ ಜನ? ಅಂಗಡೀದು ಅಂದೆ. ಎಷ್ಟು ಚೆನ್ನಾಗಿದೆ ಅಂತ ಖುಷಿಪಟ್ರು ಗೊತ್ತಾ," ಅಂದಳು.

ನನಗೆ ಉರಿದುಹೋಯಿತು. ಕೂಗಾಡಿದೆ. ಅಮ್ಮನೂ ಕೂಗಾಡಿದಳು. ಅಪ್ಪ ಟಿವಿಯ ಸದ್ದು ಜಾಸ್ತಿ ಮಾಡಿದರು. ಹ್ಯೂಸ್ಟನ್ ವಿಷಯ ಕೇಳಿದ ಮೇಲೆ ಅಮ್ಮನ ಮುಖ ಸಣ್ಣದಾಯಿತು. ಆದರೂ ಜೊತೆಗೆ ಬರಲು ಒಪ್ಪಲಿಲ್ಲ. "ಗೃಹಪ್ರವೇಶಕ್ಕೆ ಕೊಟ್ಟಿದ್ದನ್ನ ವಾಪಸ್ ಕೇಳೋದು ಅಂದ್ರೆ ಅವರ ಮನೆ ಲಕ್ಷ್ಮೀನ ಕರ್ಕೊಂಡ್ ಬಂದ ಹಾಗೆ. ನನ್ನ ಕೈಲಾಗಲ್ಲಪ್ಪ. ನೀನೇ ಹೋಗು, ಸ್ವಲ್ಪ ದಿನಕ್ಕೆ ಸಾಲ ಕೊಡಿ ಅಂತ ಕೇಳು."

ಫಾರ್ಮರ್ಸ್ ಬ್ರಾಂಚ್ ಆಂಟಿಯ ಮನೆ ನನ್ನ ಆಫೀಸಿನಿಂದ ಹತ್ತು ನಿಮಿಷ. ಮರುದಿನ ಊಟದ ಹೊತ್ತಿನಲ್ಲಿ ಹೋದೆ. ಹಾಲ್‌ನಲ್ಲಿ ಚಿತ್ರವಿರಲಿಲ್ಲ, ಮೆಟ್ಟಿಲ ಗೋಡೆಯ ಮೇಲೂ ಇರಲಿಲ್ಲ. ನಾನು ಕೇಳಿದ ಕೂಡಲೇ ಆಂಟಿಯ ಮುಖ ಕೆಂಪಾಯಿತು. ಕೋಣೆಯೊಂದಕ್ಕೆ ಕರೆದುಕೊಂಡು ಹೋಗಿ ಕ್ಲಾಸೆಟ್ಟಿನ ಬಾಗಿಲು ತೆಗೆದರು. ಒಳಗೆ ಬೆಳ್ಳಿಬಣ್ಣದ ತಟ್ಟೆಗಳು, ಗಣೇಶಗಳು, ಗಡಿಯಾರಗಳು, ಬ್ಲೌಸ್ ಪೀಸಿನ ಕಟ್ಟುಗಳು. ಒಂದೊಂದಕ್ಕೂ ಹಳದಿ ಚೀಟಿ: ಯಾರು ಕೊಟ್ಟದ್ದು, ಯಾವಾಗ. ಕೊಟ್ಟವರಿಗೇ ತಿರುಗಿ ಕೊಟ್ಟುಬಿಡಬಾರದಲ್ಲ, ಅದಕ್ಕೆ. ಇಂಥ ಕ್ಲಾಸೆಟ್ ನಮ್ಮ ಮನೆಯಲ್ಲೂ ಇದೆ. ನಮ್ಮಲ್ಲಿ ಚೀಟಿಯಿಲ್ಲ, ಅಮ್ಮನಿಗೆ ನೆನಪಿರುತ್ತದೆ.

"ಬೇಜಾರು ಮಾಡ್ಕೋಬೇಡ ಪುಟ್ಟ," ಎಂದರು ಆಂಟಿ. "ನಮ್ಮ ಗೋಡೆ ಕಲರ್‌ಗೆ ಮ್ಯಾಚ್ ಆಗ್ಲಿಲ್ಲ ಅಂತ ಇಲ್ಲಿಟ್ಟಿದ್ದೆ. ಹ್ಯೂಸ್ಟನ್‌ನಲ್ಲಿ ನಮ್ಮ ಪರಿಚಯದೋರು ಒಬ್ರಿದಾರೆ, ಧಾರವಾಡದೋರು. ಅವರ ಯಜಮಾನರ ಅರವತ್ತಕ್ಕೆ ಕೊಟ್ವಿ. ಅಮ್ಮಂಗೆ ಹೇಳ್ಬೇಡ, ಆಯ್ತಾ?"

ಹೇಳುವುದಿಲ್ಲ ಎಂದೆ. ನಂಬರು ತೆಗೆದುಕೊಂಡು ಕಾರಿನಲ್ಲಿ ಕೂತೇ ಹ್ಯೂಸ್ಟನ್ನಿಗೆ ಫೋನ್ ಮಾಡಿದೆ. ವಯಸ್ಸಾದ ಹೆಂಗಸಿನ ದನಿ, ಬಲು ಪ್ರೀತಿಯ ದನಿ.

"ಹೌದವಾ, ಬಂದಿತ್ತು. ಹೆಣ್ಮಗಳು ಬೆನ್ನು ತಿರಿಗಿಸಿ ಕುಂತಿದ್ಲಲ್ಲ? ನಮ್ಮ ಮನಿಯವ್ರು ಅಂದ್ರು, ಬಂದವ್ರಿಗೆ ಬೆನ್ನು ತೋರ್ಸೋ ಚಿತ್ರ ಮನ್ಯಾಗ ಯಾಕ ಬೇಕಂತ. ಫ್ಲೂಗರ್‌ವಿಲ್‌ನಾಗ ನನ್ನ ತಂಗಿ ಮನಿ ವಾಸ್ತುಶಾಂತಿ ಇತ್ತು, ಅಲ್ಲೆ ಕೊಟ್ಟ್ವಿ. ಯಾಕ, ಏನಾಗಬೇಕಿತ್ತು?"

ನಾನು ಬರೆದದ್ದು ಎಂದು ಆಗ ಹೇಳಬಹುದಿತ್ತು. ಆ ಮನೆಗೆ ಬೇಡವಾದ ಚಿತ್ರ ನನ್ನದು ಎಂದು ಹೇಳಲು ನಾಚಿಕೆಯಾಯಿತು. "ಹ್ಯೂಸ್ಟನ್‌ನಲ್ಲೇ ಒಂದ್ ಕಡೆ ತೋರಿಸ್ಬೇಕಿತ್ತು ಆಂಟಿ, ಎಕ್ಸಿಬಿಷನ್ ಥರ," ಎಂದೆ.

"ಎಕ್ಸಿಬಿಷನ್ನಿಗೆ! ತಡಿ, ನಾನೇ ತಂಗೀಗೆ ಫೋನ್ ಮಾಡಿ ಹೇಳ್ತೀನಿ. ಭಾಳ ಖುಷಿ ಆಗ್ತಾಳ."

ಅವರ ತಂಗಿ ಯಾಕೆ ಅಷ್ಟು ಖುಷಿಯಾಗಬೇಕು ಎಂದು ನನಗೆ ಹೊಳೆಯಲಿಲ್ಲ. ಸಂಜೆಯೇ ಆ ತಂಗಿಯಿಂದ ಫೋನಿಗೆ ವಿಳಾಸ ಬಂತು, ಜೊತೆಗೆ ಆರು ಹೂವಿನ ಎಮೋಜಿ. ಹ್ಯೂಸ್ಟನ್ನಿಗೆ ಹೋಗುವ ಭಾನುವಾರ ಬೆಳಿಗ್ಗೆಯೇ ಬಂದು ತೆಗೆದುಕೊಂಡು ಹೋಗು ಎಂದಿದ್ದರು. ದಾರಿ ಸುತ್ತಾದರೂ ಲೆಕ್ಕ ಸರಿಹೋಗುತ್ತಿತ್ತು. ಹತ್ತಕ್ಕೆ ಫ್ಲೂಗರ್‌ವಿಲ್, ಅಲ್ಲಿಂದ ಹೊರಟರೆ ಸಂಜೆ ನಾಲ್ಕರ ಸಂದರ್ಶನಕ್ಕೆ ಹ್ಯೂಸ್ಟನ್ ಸೇರಬಹುದು.

ಆ ಭಾನುವಾರ ಬೆಳಕು ಹರಿಯುವಾಗ ಐದು ಚಿತ್ರಗಳನ್ನು ಹಿಂದಿನ ಸೀಟಿನಲ್ಲಿ ಬೆಡ್‌ಶೀಟು ಸುತ್ತಿ ಮಲಗಿಸಿ, ಮೂವತ್ತೈದನೇ ಹೆದ್ದಾರಿ ಹಿಡಿದೆ. ಮೂರೂವರೆ ಗಂಟೆಯ ದಾರಿಯುದ್ದಕ್ಕೂ ಸಂದರ್ಶನದಲ್ಲಿ ಹೇಳಬೇಕಾದ್ದನ್ನು ಗಟ್ಟಿಯಾಗಿ ಅಭ್ಯಾಸ ಮಾಡಿದೆ. "ಐ ಆಮ್ ಆನ್ ಆರ್ಟಿಸ್ಟ್" ಅನ್ನುವಾಗ ಪಕ್ಕದ ಟ್ರಕ್ಕಿನವನು ನನ್ನತ್ತ ನೋಡಿದ. ಅಷ್ಟಕ್ಕೇ ನನ್ನ ದನಿ ಇಳಿದುಹೋಯಿತು.

ಫ್ಲೂಗರ್‌ವಿಲ್ ಆಂಟಿ ಬಾಗಿಲಲ್ಲೇ ಕಾಯುತ್ತಿದ್ದರು. ಅಮ್ಮನ ವಯಸ್ಸು, ಇಳಕಲ್ ಸೀರೆ ಉಟ್ಟು ಹೂವು ಮುಡಿದಿದ್ದರು. "ಬಾರವಾ, ಬಾ. ಎಷ್ಟು ದೂರದಿಂದ ಬಂದಿ ನನ್ನ ಸಲುವಾಗಿ," ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಹಾಲ್‌ನ ದೊಡ್ಡ ಗೋಡೆಯ ಮೇಲೆ, ಅದಕ್ಕೆಂದೇ ಹಾಕಿಸಿದ ದೀಪದ ಕೆಳಗೆ ನನ್ನ ಚಿತ್ರವಿತ್ತು.

ನಾನು ಬರೆದಿದ್ದು ಇಷ್ಟೇ. ನಮ್ಮ ಪ್ಲೇನೋ ಮನೆಯ ಅಡುಗೆಮನೆ, ನಡುವೆ ಕಲ್ಲಿನ ಅಷ್ಟಗಲ ಕಟ್ಟೆ, ಐದು ಒಲೆ. ಇಷ್ಟೆಲ್ಲ ಇದ್ದೂ ಕಟ್ಟೆಗೂ ಫ್ರಿಜ್ಜಿಗೂ ನಡುವೆ ನೆಲದ ಮೇಲೆ ಅಮ್ಮ ನೈಟಿ ಹಾಕಿಕೊಂಡು, ನಮಗೆ ಬೆನ್ನು ಮಾಡಿ ಹುರುಳಿಕಾಯಿ ಬಿಡಿಸುತ್ತ ಕೂತಿದ್ದಾಳೆ. ಒಲೆ ಉರಿಯುತ್ತಿಲ್ಲ. ಎಲ್ಲ ಬೂದಿಬಣ್ಣ, ಕಾಯಿ ಮಾತ್ರ ಹಸಿರು. ಈಗ ನೋಡಿದರೆ ಅಮ್ಮನ ಪಕ್ಕದಲ್ಲಿ ಆಳೆತ್ತರದ ಹಿತ್ತಾಳೆ ದೀಪ ಚಿನ್ನದ ಬಣ್ಣದಲ್ಲಿ ಉರಿಯುತ್ತಿತ್ತು. ಫ್ರಿಜ್ಜಿನ ಮೇಲೆ ಮಾವಿನ ತೋರಣ. ನೈಟಿಗೆ ಜರಿಯಂಚು ಬಂದಿತ್ತು, ಜಡೆಗೆ ಮಲ್ಲಿಗೆ ಬಂದಿತ್ತು, ನೆಲಕ್ಕೆ ರಂಗೋಲಿ. ಎಲ್ಲದರ ಮೇಲೂ ದಪ್ಪ ವಾರ್ನಿಶ್ ಬಳಿದು ಫಳಫಳ ಅನ್ನಿಸಿದ್ದರು.

"ಹೆಂಗೈತಿ?" ಎಂದರು ಆಂಟಿ.

ನಾನು ಇನ್ನೂ ಹತ್ತಿರ ಹೋಗಿ ನೋಡಿದೆ.

"ಬಂದಾಗ ಭಾಳ ಸಪ್ಪಗಿತ್ತವಾ. ನೋಡಿದ್ರ ಮನ್ಯಾಗ ಯಾರೋ ಸತ್ತಾರೇನೋ ಅನ್ನೂಹಂಗ. ನಾ ಪೇಂಟಿಂಗ್ ಕ್ಲಾಸಿಗೆ ಹೋಗ್ತೀನಲ್ಲ, ರಿಟೈರ್ ಆದ ಮ್ಯಾಲೆ ಸುರು ಮಾಡೀನಿ, ಆರು ತಿಂಗಳಾತು. ಎರಡು ತಿಂಗಳು ಕುಂತು ಇದನ್ನ ಪೂರಾ ಮಾಡ್ದೆ. ಜೀವಾ ತುಂಬೀರಿ ಅಂದ್ಲು ನಮ್ಮ ಟೀಚರ್. ಅಕ್ಕ ಫೋನ್ ಮಾಡಿ, ನಿನ್ನ ಚಿತ್ರ ಎಕ್ಸಿಬಿಷನ್ನಿಗೆ ಕೇಳ್ಯಾರ ಅಂದಾಗ ನಂಗ ನಂಬಿಕೀನ ಬರ್ಲಿಲ್ಲ ನೋಡು. ಫೇಸ್‌ಬುಕ್‌ನಾಗ ಹಾಕಿದ್ದು ಯಾರೋ ನೋಡಿರಬೇಕು, ಹೌದಲ್ಲ?"

ಆಗ ಅರ್ಥವಾಯಿತು. ಆಂಟಿಯ ಲೆಕ್ಕದಲ್ಲಿ ಹ್ಯೂಸ್ಟನ್‌ನವರು ಕೇಳಿದ್ದು ಅವರ ಚಿತ್ರವನ್ನು. ಬಲಮೂಲೆಯಲ್ಲಿ ಅವರ ಹೆಸರಿತ್ತು, ಮೊದಲಕ್ಷರಕ್ಕೆ ಬಾಲ ಸುತ್ತಿದ ದೊಡ್ಡ ಸಹಿ. ನಾನು ಅದನ್ನೇ ನೋಡುತ್ತಿರುವುದು ಕಂಡು ಅವರೇ ಹೇಳಿದರು. "ಕೆಳಗ ಹೆಸರು ಇರ್ಲಿಲ್ಲವಾ. ಹಿಂದ ಮುಂದ ಎಲ್ಲಾ ಹುಡುಕಿದೆ. ಬರದವ್ರು ಯಾರರೆ ಇದ್ರ ಹೆಸರು ಹಾಕ್ತಿದ್ರು, ಇದು ಅಂಗಡೀ ಮಾಲು ಅಂತ ನನ್ನ ಹೆಸರು ಹಾಕ್ದೆ."

ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ನಾನು ಯಾವ ಚಿತ್ರಕ್ಕೂ ಸಹಿ ಹಾಕಿದವಳಲ್ಲ. ಸಹಿ ಹಾಕುವುದು ಕಲಾವಿದರು, ನನ್ನನ್ನು ಯಾರಾದರೂ ಹಾಗೆ ಕರೆದ ಮೇಲೆ ಎಲ್ಲಕ್ಕೂ ಒಟ್ಟಿಗೇ ಹಾಕಿದರಾಯಿತು ಅಂದುಕೊಂಡಿದ್ದೆ. ಆಂಟಿ ಆರು ತಿಂಗಳು ಕ್ಲಾಸಿಗೆ ಹೋಗಿ ಹಾಕಿಬಿಟ್ಟಿದ್ದರು. ಅವರ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು.

ಹಚ್ಚಿದ ಅವಲಕ್ಕಿ ಕೊಟ್ಟರು, ಚಹಾ ಕೊಟ್ಟರು. ಚಿತ್ರದ ಪಕ್ಕ ನಿಂತು ನನ್ನ ಫೋನಿನಲ್ಲಿ ಫೋಟೋ ತೆಗೆಸಿಕೊಂಡರು. ತೆಗೆಯುತ್ತಿರುವಾಗ ಕೇಳಿದರು, "ನೀನೂ ಆರ್ಟಿಸ್ಟ್ ಏನವಾ?"

ಹೌದು ಅನ್ನಬೇಕಿತ್ತು. ಇದು ನನ್ನದು, ಆ ಕೂತಿರುವವಳು ನಮ್ಮಮ್ಮ, ನೈಟಿಗೆ ಜರಿ ಇರಲಿಲ್ಲ ಅನ್ನಬೇಕಿತ್ತು. ಹೂವು ಮುಡಿದು, ಗೋಡೆಗೆ ದೀಪ ಹಾಕಿಸಿ, ಫೋಟೋಗೆ ನಗುತ್ತ ನಿಂತವರ ಮುಂದೆ ಅದನ್ನು ಹೇಗೆ ಅನ್ನಲಿ?

"ಇಲ್ಲ ಆಂಟಿ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್."

"ಓ, ಎಕ್ಸಿಬಿಷನ್ನಿಗೆ ವಾಲಂಟಿಯರ್ ಅನ್ನು."

"ಹೂಂ ಆಂಟಿ."

ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ ಚಿತ್ರ ಕೊಟ್ಟರು. ಅರಿಶಿನ ಕುಂಕುಮ, ಬ್ಲೌಸ್ ಪೀಸ್ ಕೊಟ್ಟರು. "ಶ್ರಾವಣ ಶುಕ್ರವಾರದ ಪೂಜಿಗೆ ತಂದುಕೊಡು ಮತ್ತ. ಎಲ್ಲಾರ್ನೂ ಕರದೀನಿ, ಎಲ್ಲಾರೂ ನೋಡ್ಬೇಕು," ಎಂದು ಕಾರಿನವರೆಗೂ ಬಂದು ಕೈ ಬೀಸಿದರು.

ಹ್ಯೂಸ್ಟನ್ ದಾರಿಯಲ್ಲಿ ಒಂದು ಗಂಟೆ ಓಡಿಸಿ ಗ್ಯಾಸ್ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ನಿಲ್ಲಿಸಿದೆ. ಚಿತ್ರ ಬಿಚ್ಚಿ ಡಿಕ್ಕಿಯ ಅಂಚಿಗೆ ಒರಗಿಸಿದೆ. ಸುಡುಬಿಸಿಲು. ಮೇಲೆ ಬಣ್ಣ ಹಚ್ಚಿ ಮುಚ್ಚೋಣವೆಂದರೆ ವಾರ್ನಿಶ್ ಮೇಲೆ ತೇಪೆ ಎದ್ದು ಕಾಣುತ್ತದೆ. ವಾರ್ನಿಶ್ ತೆಗೆಯೋಣವೆಂದರೆ ಅದರ ಜೊತೆ ಬಣ್ಣವೂ ಏಳುತ್ತದೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಒಳಗೆ ಹೋಗಿ, ಗಾಯ ತೊಳೆಯುವ ಆಲ್ಕೋಹಾಲಿನ ಬಾಟಲಿ ತಂದು, ಟಿಶ್ಯೂಗೆ ಹಾಕಿಕೊಂಡು, ದೀಪದ ತುದಿಯನ್ನು ಮೆಲ್ಲಗೆ ಉಜ್ಜಿದೆ.

ಚಿನ್ನದ ಬಣ್ಣ ಬಂತು. ಅದರ ಹಿಂದೆಯೇ ಬೂದಿಬಣ್ಣವೂ ಬಂತು. ಇನ್ನು ನಿಲ್ಲಿಸಬೇಕು ಅಂದುಕೊಳ್ಳುತ್ತಲೇ ಉಜ್ಜಿದೆ. ಜರಿಯಂಚು ಹೋಯಿತು, ನೈಟಿ ಹೋಯಿತು, ಅಮ್ಮನ ಬೆನ್ನಿನ ಮಧ್ಯೆ ಬಿಳಿ ಕ್ಯಾನ್ವಾಸ್ ಕಾಣಿಸಿತು. ಅಲ್ಲೇ ಕಾರಿಗೆ ಒರಗಿ ಜೋರಾಗಿ ಅತ್ತೆ. ಪೆಟ್ರೋಲ್ ಹಾಕಿಸಿಕೊಳ್ಳುತ್ತಿದ್ದ ಒಬ್ಬಾಕೆ ಬಂದು ಏನಾದರೂ ಸಹಾಯ ಬೇಕಾ ಎಂದು ಕೇಳಿದಳು. ಬೇಡ, ಥ್ಯಾಂಕ್ಸ್ ಎಂದೆ. ಆಕೆ ಒಂದು ತಣ್ಣನೆಯ ನೀರಿನ ಬಾಟಲಿ ಕೊಟ್ಟು ಹೋದಳು.

ನಾಲ್ಕಕ್ಕೆ ಸರಿಯಾಗಿ ಹ್ಯೂಸ್ಟನ್ನಿನ ಗೋಡೌನಿನಲ್ಲಿದ್ದೆ. ಮೂವರು ಕೂತಿದ್ದರು, ಒಳ್ಳೆಯ ಜನ. ಐದು ಚಿತ್ರಗಳನ್ನು ಗೋಡೆಗೆ ಒರಗಿಸಿದೆ. ಕೂತ ಹೆಂಗಸು ಎಲ್ಲಿ ಎಂದು ಕೇಳಿದರು. ಕೈತಪ್ಪಿ ಉಡುಗೊರೆಯಾಗಿ ಹೋಗಿದೆ ಎಂದೆ. ವಾಪಸ್ ತರಲು ಆಗಲಿಲ್ಲವೇ? ಆಗಲಿಲ್ಲ ಎಂದೆ. ಹೋಗಲಿ, ನಿಮ್ಮ ಬಗ್ಗೆ ಹೇಳಿ ಎಂದರು. ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ ವಾಕ್ಯ ಬಾಯಿಗೆ ಬರಲಿಲ್ಲ. ಟೆಸ್ಟಿಂಗ್ ಎಂದರೇನು, ನಮ್ಮ ಟೀಮಿನಲ್ಲಿ ಎಷ್ಟು ಜನ ಎಂಬುದನ್ನೆಲ್ಲ ಹೇಳಿದೆ. ವಾರಾಂತ್ಯದಲ್ಲಿ ಸುಮ್ಮನೆ ಒಂದಿಷ್ಟು ಬಣ್ಣ ಹಚ್ಚುತ್ತೇನೆ ಎಂದೆ. ಸುಮ್ಮನೆ ಅಂದುಬಿಟ್ಟೆ! ಅವರಲ್ಲಿ ಹಿರಿಯಾಕೆ ಪೆನ್ನು ಕೆಳಗಿಟ್ಟು, ಬಂದದ್ದಕ್ಕೆ ಸಂತೋಷ ಎಂದರು. ಹನ್ನೊಂದು ದಿನದ ಮೇಲೆ ಇಮೇಲ್ ಬಂತು. ಈ ಸಲ ಬಾತ್‌ರೂಮಿಗೆ ಹೋಗಲಿಲ್ಲ, ಕೂತಲ್ಲೇ ಓದಿದೆ. ಮುಂದಿನ ದಾರಿಗೆ ಶುಭ ಹಾರೈಸಿದ್ದರು.

ಆದರೆ ಫ್ಲೂಗರ್‌ವಿಲ್ ಆಂಟಿ ಬಿಡಬೇಕಲ್ಲ. ವಾರಕ್ಕೊಂದು ಸಲ ಫೋನ್. "ಏನಂದ್ರವಾ? ದೀಪದ ಬಗ್ಗೆ ಏನಂದ್ರು?" "ತುಂಬಾ ಇಷ್ಟಪಟ್ರು ಆಂಟಿ." "ಪೂಜಿಗೆ ತರ್ತೀಯಲ್ಲ?" "ತರ್ತೀನಿ ಆಂಟಿ." ಒಂದು ಸುಳ್ಳಿನ ಹಿಂದೆ ಇನ್ನೊಂದು. ಉಜ್ಜಿದ ಚಿತ್ರ ಇನ್ನೂ ಡಿಕ್ಕಿಯಲ್ಲೇ ಇತ್ತು, ಅದನ್ನು ತೆರೆಯುವುದನ್ನೇ ಬಿಟ್ಟಿದ್ದೆ. ಕೊನೆಗೆ ಒಂದು ಶನಿವಾರ ಅದೇ ಅಳತೆಯ ಹೊಸ ಕ್ಯಾನ್ವಾಸ್ ತಂದು, ಅಮ್ಮನಿಗೆ ಎಲ್ಲವನ್ನೂ ಹೇಳಿದೆ.

ಅಮ್ಮ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು, "ನಂದೇ ತಪ್ಪು. ನಾನ್ ಕೊಡ್ಬಾರ್ದಿತ್ತು," ಅಂದಳು. ಆಮೇಲೆ ಎದ್ದು ಹೋಗಿ ಹಳೆಯ ನೈಟಿ ಹಾಕಿಕೊಂಡು ಬಂದು, ಕಟ್ಟೆಗೂ ಫ್ರಿಜ್ಜಿಗೂ ನಡುವೆ ಕೂತಳು. ಮಂಡಿನೋವು ಜಾಸ್ತಿಯಾಗಿದ್ದರಿಂದ ಈಚೆಗೆ ಅವಳು ನೆಲದ ಮೇಲೆ ಕೂರುವುದನ್ನೇ ಬಿಟ್ಟಿದ್ದಳು. "ಎಷ್ಟು ಹೊತ್ತು ಹೀಗೆ ಕೂತಿರ್ಬೇಕು?" ಎಂದು ಬೆನ್ನು ಮಾಡಿಕೊಂಡೇ ಕೇಳಿದಳು. "ಸ್ವಲ್ಪ ಹೊತ್ತಮ್ಮ," ಎಂದೆ. ಎರಡು ಗಂಟೆ ಕೂತಳು.

ಮೂರು ವಾರಾಂತ್ಯ ಹಿಡಿಯಿತು. ಮೊದಲು ನಾನು ಬರೆದಿದ್ದನ್ನು ಬರೆದೆ. ಈ ಸಲ ಬೆನ್ನು ಇನ್ನೂ ಚೆನ್ನಾಗಿ ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಆಂಟಿಯ ಫೋಟೋ ನೋಡಿಕೊಂಡು ಅದರ ಮೇಲೆ ದೀಪ ಇಟ್ಟೆ, ತೋರಣ ಕಟ್ಟಿದೆ, ಮಲ್ಲಿಗೆ ಮುಡಿಸಿದೆ, ಜರಿ ಎಳೆದೆ, ರಂಗೋಲಿ ಬಿಟ್ಟೆ. ದೀಪದ ಜ್ವಾಲೆ ಅವರದು ವಾಲಿತ್ತು, ನಾನೂ ವಾಲಿಸಿದೆ. ಸರಿಯಾಗಿ ಬರೆಯಲು ಬರುವವಳು ತಪ್ಪಾಗಿ ಬರೆಯುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು.

ಶುಕ್ರವಾರದ ಪೂಜೆಗೆ ನಾಲ್ಕು ದಿನವಿತ್ತು. ಸಹಿಯೊಂದು ಉಳಿದಿತ್ತು. ಫೋಟೋವನ್ನು ದೊಡ್ಡದು ಮಾಡಿಕೊಂಡು ಆ ಬಾಲ ಸುತ್ತಿದ ಅಕ್ಷರವನ್ನು ಕಾಗದದ ಮೇಲೆ ಇಪ್ಪತ್ತು ಮೂವತ್ತು ಸಲ ತಿದ್ದಿದೆ. ಆಮೇಲೆ ಸಣ್ಣ ಬ್ರಷ್ ತೆಗೆದುಕೊಂಡು ಬಲಮೂಲೆಯಲ್ಲಿ ಬರೆದೆ. ಒಂದೇ ಸಲಕ್ಕೆ ಬಂತು.

ಅಮ್ಮ ಯಾವಾಗಲೋ ಗರಾಜಿಗೆ ಬಂದು ಹಿಂದೆ ನಿಂತಿದ್ದಳು.

"ಅದ್ಯಾರ ಹೆಸರೇ?"

"ಆ ಆಂಟೀದು."

"ಚಿತ್ರ ಬರೆಯೋಳು ನೀನಲ್ವಾ?"

ಅಮ್ಮ ಅದನ್ನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಅಲ್ಲಿ ನಾವಿಬ್ಬರೇ ಇದ್ದೆವು, ಬೇರೆ ಯಾರೂ ಇರಲಿಲ್ಲ. ಹೌದಮ್ಮ ಅಂದಿದ್ದರೆ ಆಗುತ್ತಿತ್ತು. ಅವಳು ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

"ಆ ವಾರ್ನಿಶ್ ಡಬ್ಬ ಸ್ವಲ್ಪ ಈ ಕಡೆ ಕೊಡಮ್ಮ," ಎಂದೆ.